ಪೆಟ್ರೋಲ್ ಸೋರಿದ ಜಾಗದ ಅಂತರ್ಜಲ: ಶುದ್ಧ ಮಾಡಿದ ನೀರನ್ನು ಎಲ್ಲಿಗೆ, ಹೇಗೆ ಬಿಡಬೇಕು?

“ನೀರು ಕ್ಲೀನ್ ಮಾಡಿದ್ದೀವಿ ಸಾರ್. ವಾಸನೆನೂ ಇಲ್ಲ. ಮೋರಿಗೆ ಬಿಡಬಹುದಲ್ವಾ?”

ಬಂಕ್ ನಡೆಸುವವರು ಹೀಗೆ ಕೇಳುತ್ತಾರೆ. ಬಂಕ್ ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟ್ ಅಗೆಯುವಾಗ ನೀರು ಬಂದವರೂ ಕೇಳುತ್ತಾರೆ. ಬಾವಿ ಕೆಟ್ಟ ಮನೆಯವರು ಇದನ್ನೇ ತಿರುಗಿಸಿ ಕೇಳುತ್ತಾರೆ: “ಕ್ಲೀನ್ ಮಾಡಿದ್ದೀವಿ ಅಂತ ನಮ್ಮ ಮನೆ ಮುಂದಿನ ಚರಂಡಿಗೆ ಬಿಡ್ತಿದ್ದಾರಲ್ಲ, ಅದು ಸರಿನಾ?” ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು, ಕರ್ನಾಟಕದಲ್ಲಿ ಈ ಕೆಲಸ ಮಾಡುವವರಿಗೆ ಬೇಕಾದ್ದನ್ನೆಲ್ಲ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಇಲ್ಲಿ ಜನ ಎಡವುವುದು ಕಣ್ಣಿಗೆ ಕಾಣುವ ಎಣ್ಣೆಯ ವಿಷಯದಲ್ಲಲ್ಲ, ಕಾಣದ ಬೆಂಜೀನ್ ವಿಷಯದಲ್ಲಿ. ನೆಲದಡಿಗೆ ಇಳಿದ ಪೆಟ್ರೋಲ್‌ನಲ್ಲಿ ಒಂದು ಪಾಲು ಅಂತರ್ಜಲದ ಮೇಲೆ ತೇಲುತ್ತದೆ. ಇನ್ನೊಂದು ಪಾಲು ನೀರಿನಲ್ಲಿ ಕರಗುತ್ತದೆ. ಕರಗುವುದರಲ್ಲಿ ಮುಖ್ಯವಾದವು ಬೆಂಜೀನ್, ಟಾಲ್ವೀನ್, ಈಥೈಲ್‌ಬೆಂಜೀನ್ ಮತ್ತು ಜೈಲೀನ್. ನಾಲ್ಕನ್ನೂ ಸೇರಿಸಿ ಬಿಟೆಕ್ಸ್ ಅನ್ನುತ್ತಾರೆ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಈಗಿನ ಬಿಎಸ್-6 ಪೆಟ್ರೋಲ್‌ನಲ್ಲಿ ಅದು ಹೆಚ್ಚೆಂದರೆ ಶೇ. 1ರಷ್ಟು ಇರಬಹುದು. ಅಷ್ಟೇನಾ ಅನ್ನಬೇಡಿ. ಅಂಥ ಪೆಟ್ರೋಲ್ ನೀರಿಗೆ ತಾಗಿಕೊಂಡು ಕೂತರೆ ಲೀಟರ್ ನೀರಿಗೆ ಸುಮಾರು 20 ಮಿಲಿಗ್ರಾಂ ಬೆಂಜೀನ್ ಇಳಿಯಬಲ್ಲದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ಎರಡು ಸಾವಿರ ಪಟ್ಟು ಜಾಸ್ತಿ.

1. ಮೊದಲು ಸೋರಿಕೆ ನಿಲ್ಲಿಸಿ, ತಿಳಿಸಬೇಕಾದವರಿಗೆ ತಿಳಿಸಿ

ದಿನದ ಡಿಪ್ ರೀಡಿಂಗ್‌ಗೂ (ಟ್ಯಾಂಕಿಗೆ ಕೋಲು ಇಳಿಸಿ ಅಳೆದ ಲೆಕ್ಕ) ಮಾರಾಟದ ಲೆಕ್ಕಕ್ಕೂ ತಾಳೆಯಾಗದಿದ್ದರೆ, ಅಥವಾ ಟ್ಯಾಂಕಿನಲ್ಲಿ ನೀರು ಕಾಣಿಸಿದರೆ, ಆ ಟ್ಯಾಂಕ್ ಮತ್ತು ಪೈಪ್‌ಲೈನನ್ನು ಅಂದೇ ಬಂದ್ ಮಾಡಿ. ಸೋರುತ್ತಿರುವ ಟ್ಯಾಂಕ್ ಇಟ್ಟುಕೊಂಡು ನೀರು ಶುದ್ಧ ಮಾಡಲು ಕೂತರೆ ಅದು ಮುಗಿಯುವ ಕೆಲಸವಲ್ಲ.

ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. 1974ರ ಜಲ ಕಾಯ್ದೆಯ ಸೆಕ್ಷನ್ 31ರ ಪ್ರಕಾರ, ಆಕಸ್ಮಿಕವಾಗಿ ಬಾವಿಗೆ, ಹಳ್ಳಕ್ಕೆ, ಚರಂಡಿಗೆ ಅಥವಾ ನೆಲಕ್ಕೆ ಮಾಲಿನ್ಯ ಸೇರಿದರೆ ಆ ಜಾಗದ ಹೊಣೆ ಹೊತ್ತವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಪೆಟ್ರೋಲ್ ಬಂಕ್‌ಗಳಿಗಾಗಿ ಕೇಂದ್ರ ಮಂಡಳಿ 2020ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯೂ, 165 ಲೀಟರ್ ಮೀರಿದ ಸೋರಿಕೆಯನ್ನು ಮಂಡಳಿಗೂ ಜಿಲ್ಲಾಡಳಿತಕ್ಕೂ ಪೆಸೋಗೂ ತಿಳಿಸಿ ಎನ್ನುತ್ತದೆ. ಪೆಸೋ ಅಂದರೆ ಪೆಟ್ರೋಲ್, ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ. ಡೀಲರ್ ಆಗಿದ್ದರೆ ನಿಮ್ಮ ಆಯಿಲ್ ಕಂಪನಿಗೆ ಫೋನಿನಲ್ಲಿ ಹೇಳಿದ್ದು ಸಾಲದು, ಇ-ಮೇಲ್ ಹಾಕಿ.

ಎಚ್ಚರಿಕೆ: ವಾಸನೆ ಬರುವ ಬಾವಿಗೆ ಯಾರೂ ಇಳಿಯಬಾರದು. ಮೋಟರ್ ಇಳಿಸಬಾರದು, ಲೈಟ್ ಬಿಡಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಾವಿಯೊಳಗೇ ನಿಲ್ಲುತ್ತದೆ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ತೆರೆದ ಬಾವಿಗಳು ಪಕ್ಕಪಕ್ಕದಲ್ಲೇ ಇರುವುದರಿಂದ ಈ ಮಾತನ್ನು ಅಕ್ಕಪಕ್ಕದ ಮನೆಗಳಿಗೂ ಹೋಗಿ ಹೇಳಿ. “ನಾವೇ ಪಂಪ್ ಹಾಕಿ ಖಾಲಿ ಮಾಡಿಬಿಡ್ತೀವಿ” ಎಂದು ಹೊರಟರೆ ಪೆಟ್ರೋಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ ಹಾಗೆ.

2. ನೀರಿನಲ್ಲಿ ಏನಿದೆ ಎಂದು ಸರಿಯಾಗಿ ಪರೀಕ್ಷೆ ಮಾಡಿಸಿ

ಶುದ್ಧೀಕರಣದ ಕೊಟೇಶನ್ ತರಿಸುವ ಮೊದಲು ಕಚ್ಚಾ ನೀರಿನ, ಅಂದರೆ ಇನ್ನೂ ಶುದ್ಧ ಮಾಡದ ನೀರಿನ ಪರೀಕ್ಷೆ ಆಗಬೇಕು. ಬಿಟೆಕ್ಸ್, ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಬಿಓಡಿ, ಸಿಓಡಿ, ಪಿಎಚ್, ತೇಲುಕಣಗಳು, ಕಬ್ಬಿಣ, ಗಡಸುತನ ಎಲ್ಲವೂ ಪಟ್ಟಿಯಲ್ಲಿರಲಿ. ಬಿಓಡಿ ಅಂದರೆ ನೀರಿನ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಸಿಓಡಿ ಅಂದರೆ ಅದೇ ಕೊಳೆಯನ್ನು ರಾಸಾಯನಿಕದಿಂದ ಸುಟ್ಟು ಹಾಕಲು ಬೇಕಾಗುವ ಆಮ್ಲಜನಕ. ಬಂಕ್ ಹಳೆಯದಾಗಿದ್ದರೆ ಸೀಸವನ್ನೂ ಸೇರಿಸಿ. ನಮ್ಮಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಅದಕ್ಕೂ ಮೊದಲಿನ ಟ್ಯಾಂಕುಗಳ ಕೆಳಗಿನ ಮಣ್ಣು ಹಳೆಯ ಕಥೆ ಹೇಳುತ್ತದೆ.

ಸ್ಯಾಂಪಲ್ ತೆಗೆಯುವ ರೀತಿಯಲ್ಲೇ ಅರ್ಧ ಜನ ಸೋಲುತ್ತಾರೆ. ಬಿಸ್ಲೇರಿ ಬಾಟಲಿಯಲ್ಲಿ ತುಂಬಿಸಿ ಬಸ್ಸಿಗೆ ಹಾಕಿ ಕಳಿಸಿದ ನೀರಿನಲ್ಲಿ ಬೆಂಜೀನ್ ಸಿಗದಿದ್ದರೆ ಆಶ್ಚರ್ಯವೇನಿಲ್ಲ, ಅದು ದಾರಿಯಲ್ಲೇ ಹಾರಿಹೋಗಿರುತ್ತದೆ. ಲ್ಯಾಬ್‌ನಿಂದ 40 ಮಿಲಿಯ ಗಾಜಿನ ಪುಟ್ಟ ಬಾಟಲಿಗಳನ್ನು ತರಿಸಿಕೊಳ್ಳಿ. ನಲ್ಲಿಯನ್ನು ಸಣ್ಣಗೆ ಬಿಟ್ಟು, ಬಾಟಲಿಯನ್ನು ಓರೆ ಹಿಡಿದು, ಗುಳ್ಳೆ ಏಳದಂತೆ ತುಂಬಿಸಿ. ಬಾಯಿಯ ಮೇಲೆ ನೀರು ಉಬ್ಬಿ ನಿಲ್ಲಬೇಕು. ಆಮೇಲೆ ಮುಚ್ಚಳ ಹಾಕಿ. ಬಾಟಲಿಯನ್ನು ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ. ಒಳಗೆ ಗುಳ್ಳೆ ಓಡಾಡಿದರೆ ಅದನ್ನು ಬಿಟ್ಟು ಇನ್ನೊಂದು ಬಾಟಲಿ ತುಂಬಿಸಿ. ಐಸ್ ಬಾಕ್ಸ್‌ನಲ್ಲಿ ತಣ್ಣಗಿಟ್ಟು ಕಳಿಸಿ.

ಕೆಡದಿರಲಿ ಎಂದು ಈ ಬಾಟಲಿಗಳಲ್ಲಿ ಮೊದಲೇ ಎರಡು ಹನಿ ಆಮ್ಲ ಹಾಕಿರುತ್ತಾರೆ. ಆಮ್ಲ ಇದ್ದರೆ 14 ದಿನದೊಳಗೆ ಪರೀಕ್ಷೆ ಮಾಡಬಹುದು. ಆದರೆ ಬೆಂಗಳೂರು, ಕೋಲಾರ, ತುಮಕೂರು ಕಡೆಯ ಗಡಸು ಬೋರ್‌ವೆಲ್ ನೀರು ಆಮ್ಲಕ್ಕೆ ಬಿದ್ದರೆ ಸೋಡಾದಂತೆ ನೊರೆ ಬರಬಹುದು. ಆ ಗುಳ್ಳೆಯ ಜೊತೆ ಬೆಂಜೀನ್ ಕೂಡ ಹೊರಡುತ್ತದೆ. ಹಾಗಾದರೆ ಆಮ್ಲವಿಲ್ಲದ ಬಾಟಲಿಯಲ್ಲಿ ತೆಗೆದು, 7 ದಿನದೊಳಗೆ ಮುಗಿಸಿಕೊಡಲು ಲ್ಯಾಬ್‌ಗೆ ಹೇಳಿ.

ಎಥನಾಲನ್ನು ಮರೆಯಬೇಡಿ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ನೀರಿನಲ್ಲಿ ಪೂರ್ತಿ ಬೆರೆಯುತ್ತದೆ. ಲೀಟರಿಗೆ 100 ಮಿಲಿಗ್ರಾಂ ಎಥನಾಲ್ ಇದ್ದರೆ ಅದೊಂದೇ 200 ಮಿಲಿಗ್ರಾಂಗೂ ಜಾಸ್ತಿ ಸಿಓಡಿ ತೋರಿಸುತ್ತದೆ. ನೆಲದೊಳಗಿನ ಸೂಕ್ಷ್ಮಜೀವಿಗಳು ಮೊದಲು ಎಥನಾಲನ್ನೇ ತಿಂದು, ಇದ್ದ ಆಮ್ಲಜನಕವನ್ನೆಲ್ಲ ಅದಕ್ಕೇ ಖರ್ಚು ಮಾಡುತ್ತವೆ. ಬೆಂಜೀನ್ ಹಾಗೇ ಉಳಿದು ಇನ್ನಷ್ಟು ದೂರ ಹೋಗುತ್ತದೆ.

3. ನೀರು ಎಲ್ಲಿಗೆ ಹೋಗಬೇಕೆಂದು ಮೊದಲೇ ನಿರ್ಧರಿಸಿ

ಜಾಗದ ಮೇಲೆ ಮಿತಿ ಬದಲಾಗುತ್ತದೆ. ಹಾಗಾಗಿ ಯಂತ್ರ ಕೊಳ್ಳುವ ಮೊದಲೇ ಇದು ತೀರ್ಮಾನವಾಗಬೇಕು.

ಒಳಚರಂಡಿ ನನ್ನ ಮೊದಲ ಆಯ್ಕೆ, ಆದರೆ ಎರಡು ಷರತ್ತು. ಆ ಯುಜಿಡಿ (ಒಳಚರಂಡಿ) ಲೈನ್ ನಿಜಕ್ಕೂ ಕೊಳಚೆ ನೀರು ಶುದ್ಧೀಕರಣ ಘಟಕ ಮುಟ್ಟಬೇಕು. ಮುಟ್ಟದೆ ಹೋದರೆ ಕಾನೂನಿನ ಲೆಕ್ಕದಲ್ಲಿ ನೀವು ಕೆರೆಗೇ ಬಿಟ್ಟ ಹಾಗೆ, ಕೆರೆಯ ಮಿತಿಯೇ ಅನ್ವಯ. ಎರಡನೆಯದು, ಲೈನ್ ನೋಡಿಕೊಳ್ಳುವವರ ಒಪ್ಪಿಗೆ ಬೇಕು. ಬೆಂಗಳೂರಿನಲ್ಲಿ ಅದು ಜಲಮಂಡಳಿ, ಬೇರೆ ಊರುಗಳಲ್ಲಿ ಆಯಾ ನಗರಸಭೆ ಅಥವಾ ಪಾಲಿಕೆ.

ತೇಲುವ ಪೆಟ್ರೋಲ್ ಒಂದು ಚೂರೂ ಒಳಚರಂಡಿ ಸೇರಬಾರದು. 1992ರ ಏಪ್ರಿಲ್ 22ರಂದು ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿ ಒಳಚರಂಡಿಗಳೇ ಸಾಲಾಗಿ ಸಿಡಿದು ಬೀದಿಗಳು ಬಾಯಿ ತೆರೆದವು. 200ಕ್ಕೂ ಹೆಚ್ಚು ಜನ ಸತ್ತರು. ತುಕ್ಕು ಹಿಡಿದ ಪೈಪ್‌ಲೈನಿನಿಂದ ಪೆಟ್ರೋಲ್ ಚರಂಡಿಗೆ ಇಳಿದಿತ್ತು. ಅಲ್ಲಿನ ಜನ ಅದಕ್ಕೂ ಮೊದಲೇ ವಾಸನೆ ಬರುತ್ತಿದೆ ಎಂದು ದೂರಿದ್ದರು.

ಮಳೆನೀರಿನ ಮೋರಿ, ರಾಜಕಾಲುವೆ ಕೊನೆಯ ಆಯ್ಕೆ. ಅಲ್ಲಿಂದ ಮುಂದೆ ಯಾವ ಘಟಕವೂ ಇಲ್ಲ, ನೇರ ಕೆರೆ.

ಆರಂಭದ ದಿನಗಳಲ್ಲಿ, ನೀರು ಕಡಿಮೆ ಇದ್ದು ಕೊಳೆ ಜಾಸ್ತಿ ಇರುವಾಗ, ಟ್ಯಾಂಕರ್‌ನಲ್ಲಿ ತುಂಬಿಸಿ ಅಂಥ ನೀರು ತೆಗೆದುಕೊಳ್ಳಲು ಅನುಮತಿ ಇರುವ ಘಟಕಕ್ಕೆ ಕಳಿಸುವುದೇ ವಾಸಿ. ದುಬಾರಿ, ನಿಜ. ಆದರೆ ಅಷ್ಟರೊಳಗೆ ಉಳಿದ ಕಾಗದಪತ್ರ ಮಾಡಿಕೊಳ್ಳಬಹುದು. ಟ್ಯಾಂಕರ್ ಎಲ್ಲಿ ಖಾಲಿಯಾಯಿತು ಅನ್ನುವ ರಶೀದಿ ಪಡೆಯದೆ ಬಾಡಿಗೆ ಕೊಡಬೇಡಿ.

ಮರಗಿಡಕ್ಕೆ ಹಾಕುವುದು, ಕಾಂಕ್ರೀಟ್ ಕ್ಯೂರಿಂಗ್‌ಗೆ ಬಳಸುವುದು, ಇಂಗುಗುಂಡಿಗೆ ಬಿಡುವುದು ಇವು ಸುಲಭವಾಗಿ ಕಾಣುತ್ತವೆ. ಬೆಂಜೀನ್ ವರದಿ ಕೈಗೆ ಬರುವವರೆಗೆ ಮೂರೂ ಬೇಡ. ಇಂಗುಗುಂಡಿಯಂತೂ ತೆಗೆದ ಕೊಳೆಯನ್ನು ಅಲ್ಲಿಗೇ ವಾಪಸ್ ಹಾಕಿದಂತೆ.

4. ಎಷ್ಟರ ಮಿತಿಗೆ ಶುದ್ಧ ಮಾಡಬೇಕು?

1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೇ ಅನುಸೂಚಿಯಲ್ಲಿ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಮಿತಿಗಳಿವೆ. ಕೆರೆ, ಹೊಳೆಗೆ ಬಿಡುವುದಾದರೆ ಲೀಟರಿಗೆ ಎಣ್ಣೆ-ಜಿಡ್ಡು 10 ಮಿಲಿಗ್ರಾಂ, ಬಿಓಡಿ 30, ಸಿಓಡಿ 250, ತೇಲುಕಣ 100, ಸೀಸ 0.1. ಒಳಚರಂಡಿಗಾದರೆ ಎಣ್ಣೆ-ಜಿಡ್ಡು 20, ಬಿಓಡಿ 350, ಸೀಸ 1. ಪಿಎಚ್ ಎರಡಕ್ಕೂ 5.5ರಿಂದ 9.

ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಬೆಂಜೀನ್ ಎಲ್ಲಿದೆ? ಇಲ್ಲ. ಪೂರ್ತಿ ಅನುಸೂಚಿ ಹುಡುಕಿದರೂ ಇಲ್ಲ.

“ಎಣ್ಣೆ-ಜಿಡ್ಡು ಅಂದ್ರೆ ಪೆಟ್ರೋಲೂ ಬಂತಲ್ವಾ?” ಬರಲಿಲ್ಲ. ಆ ಪರೀಕ್ಷೆ ಮಾಡುವ ಬಗೆ ಕೇಳಿ. ನೀರಿನ ಜಿಡ್ಡನ್ನು ಒಂದು ದ್ರಾವಕದಲ್ಲಿ ಎಳೆದುಕೊಳ್ಳುತ್ತಾರೆ, ಆ ದ್ರಾವಕವನ್ನು ಕಾಯಿಸಿ ಆವಿ ಮಾಡುತ್ತಾರೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಬೆಂಜೀನ್ ಕುದಿಯುವುದೇ 80 ಡಿಗ್ರಿಗೆ. ದ್ರಾವಕದ ಜೊತೆ ಅದೂ ಹಾರಿಹೋಗುತ್ತದೆ, ಪೆಟ್ರೋಲ್‌ನ ಹಗುರ ಭಾಗವೂ ಹಾರಿಹೋಗುತ್ತದೆ. ತಕ್ಕಡಿಗೆ ಏನೂ ಸಿಗುವುದಿಲ್ಲ. ಡೀಸೆಲ್‌ಗೆ, ಇಂಜಿನ್ ಆಯಿಲ್‌ಗೆ ಈ ಪರೀಕ್ಷೆ ಅಷ್ಟೋ ಇಷ್ಟೋ ಆಗುತ್ತದೆ. ಪೆಟ್ರೋಲ್‌ಗೆ ಆಗುವುದಿಲ್ಲ. ಸಿಓಡಿ ಕೂಡ ಕೈಕೊಡುತ್ತದೆ. ಬೆಂಜೀನ್, ಟಾಲ್ವೀನ್ ಆ ಪರೀಕ್ಷೆಯ ರಾಸಾಯನಿಕಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಒಂದು ಸೈಟಿನಲ್ಲಿ ನನ್ನ ಕೈಗೆ ಬಂದ ವರದಿಯಲ್ಲಿ ಎಲ್ಲ ಸಾಲಿನ ಮುಂದೆಯೂ ‘ಮಿತಿಯೊಳಗಿದೆ’ ಎಂದಿತ್ತು. ಅದೇ ನೀರಿನ ಕ್ಯಾನ್ ಮುಚ್ಚಳ ತೆಗೆದರೆ ರೂಮೆಲ್ಲ ಪೆಟ್ರೋಲ್ ಬಂಕ್.

ಮತ್ತೆ ಯಾವ ಅಂಕಿ ಹಿಡಿಯಬೇಕು? ಎರಡು ಆಧಾರ ಸಿಗುತ್ತವೆ. ನಮ್ಮ ದೇಶದ್ದೇ ಬೇಕಾದರೆ, ತೈಲ ಶುದ್ಧೀಕರಣ ಕಾರ್ಖಾನೆಗಳಿಗೆ 2008ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಬೆಂಜೀನ್ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಅಂದರೆ 100 ಮೈಕ್ರೊಗ್ರಾಂ. ಇನ್ನೊಂದು ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನದು. ಇಂಥ ಶುದ್ಧೀಕರಣದ ನೀರಿಗೆಂದೇ ಅಲ್ಲಿ 2005ರಲ್ಲಿ ಒಂದು ಸಾಮಾನ್ಯ ಪರವಾನಗಿ ತಂದರು. ಸಾಮಾನ್ಯ ಪರವಾನಗಿ ಅಂದರೆ ಪ್ರತಿ ಸೈಟಿಗೂ ಹೊಸದಾಗಿ ಷರತ್ತು ಬರೆಯುವ ಬದಲು, ಮೊದಲೇ ಬರೆದಿಟ್ಟ ಷರತ್ತುಗಳಿಗೆ ಒಪ್ಪಿ ಹೆಸರು ನೋಂದಾಯಿಸಿಕೊಳ್ಳುವುದು. ಅದರಲ್ಲಿ ಬೆಂಜೀನ್ 5 ಮೈಕ್ರೊಗ್ರಾಂ, ಒಟ್ಟು ಬಿಟೆಕ್ಸ್ 100 ಮೈಕ್ರೊಗ್ರಾಂ ಎಂದು ಮಿತಿ ಹಾಕಿದರು.

ನನ್ನ ಸಲಹೆ: ಬೆಂಜೀನ್ ಒಳಚರಂಡಿಗಾದರೆ 100 ಮೈಕ್ರೊಗ್ರಾಂ, ಕೆರೆ ಕಡೆ ಹೋಗುವ ನೀರಿಗೆ 5. ಶುದ್ಧೀಕರಣದ ಕಾರ್ಬನ್, ಅಂದರೆ ಬೆಂಜೀನನ್ನು ಹೀರಿಕೊಳ್ಳುವ ಇದ್ದಿಲು, ಸರಿಯಾಗಿ ಕೆಲಸ ಮಾಡುತ್ತಿದ್ದರೆ 5 ಮುಟ್ಟುವುದು ಕಷ್ಟವಲ್ಲ. ಮಂಡಳಿ ಬೇರೆ ಅಂಕಿ ಹಾಕಿದರೆ ಅದೇ ಅಂತಿಮ. ಅವರು ಏನೂ ಹಾಕದಿದ್ದರೆ ಅರ್ಜಿಯಲ್ಲಿ ನೀವೇ ಬರೆದುಕೊಡಿ. ನಾಳೆ ಪಕ್ಕದ ಮನೆಯವರು ಹಸಿರು ನ್ಯಾಯಮಂಡಳಿಗೆ ಹೋದರೆ ‘ಎಣ್ಣೆ-ಜಿಡ್ಡು ಮಿತಿಯೊಳಗಿತ್ತು’ ಅನ್ನುವ ಕಾಗದ ನಿಮ್ಮನ್ನು ಕಾಯುವುದಿಲ್ಲ.

ಲ್ಯಾಬ್ ಆರಿಸುವಾಗಲೂ ಇದೇ ಅಂಕಿ ಕೈಯಲ್ಲಿರಲಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇದ್ದರೆ ಸಾಲದು, ಆ ಮಾನ್ಯತೆಯ ಪಟ್ಟಿಯಲ್ಲಿ ನೀರಿನ ಬೆಂಜೀನ್ ಇರಬೇಕು. ಅವರು ಗುರುತಿಸಬಲ್ಲ ಕನಿಷ್ಠ ಪ್ರಮಾಣ 50 ಮೈಕ್ರೊಗ್ರಾಂ ಆಗಿದ್ದರೆ ‘ಪತ್ತೆಯಾಗಿಲ್ಲ’ ಎನ್ನುವ ವರದಿಗೆ ಅರ್ಥವಿಲ್ಲ.

5. ಅರ್ಜಿ ಹಾಕಿ

ಹೊಸ ಜಾಗದಿಂದ ನೀರು ಹೊರಬಿಡಲು ಜಲ ಕಾಯ್ದೆಯ ಸೆಕ್ಷನ್ 25ರ ಪ್ರಕಾರ ಮಂಡಳಿಯ ಸಮ್ಮತಿ ಬೇಕು. ಬಂಕ್‌ಗೆ ಮೊದಲೇ ಸಮ್ಮತಿ ಇದ್ದರೂ ಅದರಲ್ಲಿ ಈ ನೀರಿನ ಪ್ರಸ್ತಾಪ ಇರುವುದಿಲ್ಲ. ಅರ್ಜಿಯ ಜೊತೆ ಇವು ಹೋಗಲಿ: ಟ್ಯಾಂಕು, ಬಾವಿ, ಚರಂಡಿ ತೋರಿಸುವ ನಕ್ಷೆ. ಕಚ್ಚಾ ನೀರಿನ ವರದಿ. ಗಂಟೆಗೆ ಎಷ್ಟು ಲೀಟರ್, ಎಷ್ಟು ತಿಂಗಳು. ಶುದ್ಧೀಕರಣದ ಪ್ರತಿ ಹಂತದ ಚಿತ್ರ. ಎಲ್ಲೆಲ್ಲಿ, ಎಷ್ಟು ದಿನಕ್ಕೊಮ್ಮೆ ಸ್ಯಾಂಪಲ್ ತೆಗೆಯುತ್ತೀರಿ. ಮಿತಿ ಮೀರಿದರೆ ಏನು ಮಾಡುತ್ತೀರಿ. ನೀರು ಪಡೆಯುವವರ ಒಪ್ಪಿಗೆ ಪತ್ರ.

ನಾಲ್ಕು ತಿಂಗಳಲ್ಲಿ ಉತ್ತರ ಬಾರದಿದ್ದರೆ ಸಮ್ಮತಿ ಸಿಕ್ಕಿದಂತೆ ಎಂದು ಕಾಯ್ದೆಯಲ್ಲಿದೆ. ಅದನ್ನೇ ನಂಬಿಕೊಂಡು ಕೂರಬೇಡಿ. ಅರ್ಜಿ ಅಪೂರ್ಣ ಎಂದು ಒಂದು ಪತ್ರ ಬಂದರೆ ಮತ್ತೆ ಓಡಾಟ.

2025ರಲ್ಲಿ ಕಲುಷಿತ ಜಾಗಗಳ ನಿರ್ವಹಣೆಗೆಂದೇ ಕೇಂದ್ರ ಹೊಸ ನಿಯಮ ತಂದಿದೆ. ಜಾಗ ಅದರ ಪಟ್ಟಿಗೆ ಸೇರಬಹುದಾ ಎಂದು ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಇದೇ ಓಡಾಟದಲ್ಲಿ ವಿಚಾರಿಸಿಬಿಡಿ.

6. ಯಂತ್ರ ಜೋಡಿಸಿ

ಸಾಲು ಹೀಗಿರಲಿ: ಎಣ್ಣೆ ಬೇರ್ಪಡಿಸುವ ತೊಟ್ಟಿ, ಹರಿವಿನ ಏರುಪೇರು ಸರಿದೂಗಿಸುವ ಸಮತೋಲನದ ಟ್ಯಾಂಕ್, ಕೆಸರು ಹಿಡಿಯುವ ಫಿಲ್ಟರ್, ಏರ್ ಸ್ಟ್ರಿಪ್ಪರ್, ಕೊನೆಗೆ ಒಂದರ ಹಿಂದೆ ಒಂದು ಎರಡು ಕಾರ್ಬನ್ ಟ್ಯಾಂಕ್. ಏರ್ ಸ್ಟ್ರಿಪ್ಪರ್ ಅಂದರೆ ನೀರಿನೊಳಗೆ ಗಾಳಿ ಹಾಯಿಸಿ ಬೆಂಜೀನನ್ನು ಹೊರಗೆಳೆಯುವ ಯಂತ್ರ. ಕೊಳೆ ಕಡಿಮೆ ಇದ್ದರೆ ಇದಿಲ್ಲದೆ ಬರೀ ಕಾರ್ಬನ್ ಸಾಕು. ಇಟ್ಟರೆ, ಎಳೆದ ಬೆಂಜೀನ್ ಗಾಳಿಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ಆ ಗಾಳಿಗೂ ಒಂದು ಕಾರ್ಬನ್ ಡಬ್ಬಿ ಬೇಕು. ಗಡಸು ನೀರಾದರೆ ಸ್ಟ್ರಿಪ್ಪರ್ ಒಳಗೆ ಗೀಸರ್ ಕಾಯಿಲ್‌ಗೆ ಕಟ್ಟುವಂಥ ಬಿಳಿ ಸುಣ್ಣ ಕಟ್ಟುತ್ತದೆ.

ಕಾರ್ಬನ್ ಲೆಕ್ಕ ಸುಲಭ. ನೀರು ಪ್ರತಿ ಟ್ಯಾಂಕಿನಲ್ಲಿ ಸುಮಾರು 15 ನಿಮಿಷ ಕಾರ್ಬನ್ ಜೊತೆ ಇರಬೇಕು. ಗಂಟೆಗೆ 2,000 ಲೀಟರ್ ಹರಿದರೆ ಒಂದೊಂದು ಟ್ಯಾಂಕಿಗೂ 500 ಲೀಟರ್ ಕಾರ್ಬನ್, ತೂಕದಲ್ಲಿ ಸುಮಾರು 250 ಕಿಲೋ. ಒಂದೇ ದೊಡ್ಡ ಟ್ಯಾಂಕ್ ಕೊಡ್ತೀವಿ, ಅಗ್ಗ ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಎರಡಿದ್ದರೆ ಮೊದಲನೆಯದು ಸೋತಾಗ ಎರಡನೆಯದು ಹಿಡಿಯುತ್ತದೆ. ಎರಡರ ನಡುವೆ ಸ್ಯಾಂಪಲ್ ನಲ್ಲಿ ಇರಲೇಬೇಕು, ಎಚ್ಚರಿಕೆ ಗಂಟೆ ಬಾರಿಸುವುದು ಅದೇ.

ಎಥನಾಲ್ ಕಾರ್ಬನ್‌ಗೂ ಅಂಟುವುದಿಲ್ಲ, ಗಾಳಿಗೂ ಸುಲಭವಾಗಿ ಬರುವುದಿಲ್ಲ. ಅದು ಜಾಸ್ತಿ ಇದ್ದರೆ ಸೂಕ್ಷ್ಮಜೀವಿಗಳಿಂದ ತಿನ್ನಿಸುವ ಹಂತವೊಂದು ಬೇಕು, ಇಲ್ಲವೇ ನೀರು ಒಳಚರಂಡಿಗೇ ಹೋಗಬೇಕು.

7. ಮೊದಲ ನೀರನ್ನು ಹೊರಬಿಡಬೇಡಿ

ಯಂತ್ರ ಶುರು ಮಾಡಿದ ದಿನದ ನೀರನ್ನು ಸಿಂಟೆಕ್ಸ್ ಟ್ಯಾಂಕುಗಳಲ್ಲಿ ಹಿಡಿದಿಡಿ. ಒಳಗೆ ಬರುವ, ನಡುವಿನ, ಹೊರಹೋಗುವ ಮೂರೂ ಕಡೆಯ ಸ್ಯಾಂಪಲ್ ಲ್ಯಾಬ್‌ಗೆ ಹೋಗಲಿ. ವರದಿ ಸರಿ ಬಂದ ಮೇಲೆ ಹೊರಬಿಡಿ. ಮೊದಲ ವಾರ ಮೂರು ಸಲ, ಆಮೇಲೆ ಒಂದು ತಿಂಗಳು ವಾರಕ್ಕೊಮ್ಮೆ, ಮುಂದೆ ತಿಂಗಳಿಗೊಮ್ಮೆ. ಹೊಸ ಕಾರ್ಬನ್‌ನ ಮೊದಲ ನೀರು ಮಸಿಯಂತೆ ಕಪ್ಪಾಗಿ ಬರುತ್ತದೆ, ಪಿಎಚ್ ಕೂಡ 9 ದಾಟಬಹುದು. ತೊಳೆದ ಮೇಲೇ ಲೆಕ್ಕಕ್ಕೆ ಹಿಡಿಯಿರಿ.

8. ದಿನದ ಪುಸ್ತಕ

ಮೀಟರ್ ರೀಡಿಂಗ್, ಒತ್ತಡ, ಯಂತ್ರ ನಿಂತ ಸಮಯ, ಕಾರ್ಬನ್ ಬದಲಿಸಿದ ದಿನ, ಸಹಿ. ಇಷ್ಟು ಸಾಕು. ವಾಟ್ಸಾಪ್ ಫೋಟೋ ದಾಖಲೆಯಲ್ಲ, ಪುಸ್ತಕದಲ್ಲಿ ಬರೆಸಿ. ನಡುವಿನ ನಲ್ಲಿಯಲ್ಲಿ ಬೆಂಜೀನ್ ಕಾಣಿಸಿದ ಕೂಡಲೇ ಮೊದಲ ಟ್ಯಾಂಕಿನ ಕಾರ್ಬನ್ ಬದಲಿಸಿ. ಎರಡನೆಯದನ್ನು ಮೊದಲ ಸ್ಥಾನಕ್ಕೆ ತಂದು, ಹೊಸದನ್ನು ಹಿಂದೆ ಇಡಿ.

9. ಮಿತಿ ಮೀರಿದರೆ

ಪಂಪ್ ನಿಲ್ಲಿಸಿ. ಮಂಡಳಿಗೆ ತಿಳಿಸಿ. ಕಾರಣ ಹುಡುಕಿ. ಮತ್ತೆ ಪರೀಕ್ಷೆ ಮಾಡಿಸಿ ಶುರು ಮಾಡಿ. ಬೋರ್‌ವೆಲ್ ನೀರು ಬೆರೆಸಿ ಅಂಕಿ ಇಳಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೆರೆಸಿದರೆ ಬೆಂಜೀನ್ ಕಡಿಮೆಯಾಗುವುದಿಲ್ಲ, ಕೆರೆಗೆ ಹೋಗುವ ಒಟ್ಟು ಗ್ರಾಂ ಅಷ್ಟೇ ಇರುತ್ತದೆ. ಮೀಟರ್ ಲೆಕ್ಕ ನೋಡಿದವರಿಗೆ ಅದು ಗೊತ್ತಾಗಿಬಿಡುತ್ತದೆ.

10. ಹಳೆ ಕಾರ್ಬನ್, ಕೆಸರು

ಇವು ಅಪಾಯಕಾರಿ ತ್ಯಾಜ್ಯ. 2016ರ ನಿಯಮದಂತೆ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಸಾಗಣೆ ಪತ್ರದ ಜೊತೆ ಕಳಿಸಬೇಕು. ಗುಜರಿಯವರಿಗೆ ಕೊಡಬೇಡಿ. ಪೆಟ್ರೋಲ್ ಹೀರಿದ ಕಾರ್ಬನ್ ಚೀಲ ಬಿಸಿಲಿನಲ್ಲಿ ಕಾದು ತಾನಾಗೇ ಹೊತ್ತಿಕೊಳ್ಳಲೂಬಹುದು. ನೆರಳಿನಲ್ಲಿ, ಒದ್ದೆಯಾಗಿ, ಮುಚ್ಚಿದ ಡ್ರಮ್ಮಿನಲ್ಲಿಡಿ.

11. ಯಾವಾಗ ನಿಲ್ಲಿಸಬೇಕು?

ಬೇಸಿಗೆಯಲ್ಲಿ ವರದಿ ಚೆನ್ನಾಗಿ ಬಂತು ಎಂದು ಯಂತ್ರ ಬಿಚ್ಚಿ ಕಳಿಸಿದವರು ಸೆಪ್ಟೆಂಬರಿನಲ್ಲಿ ಮತ್ತೆ ಫೋನ್ ಮಾಡುತ್ತಾರೆ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಿರುತ್ತದೆ. ಪೆಟ್ರೋಲ್ ಅದಕ್ಕಿಂತ ಮೇಲಿನ ಮಣ್ಣಿಗೆ ಅಂಟಿಕೊಂಡು ಒಣಗಿದಂತೆ ಕೂತಿರುತ್ತದೆ. ಮಳೆ ಬಂದು ಮಟ್ಟ ಏರಿದಾಗ ನೀರು ಆ ಮಣ್ಣನ್ನು ತೊಳೆಯುತ್ತದೆ, ಬೆಂಜೀನ್ ಮತ್ತೆ ಏರುತ್ತದೆ. ಹಾಗಾಗಿ ಪಂಪ್ ನಿಲ್ಲಿಸಿದ ಮೇಲೂ ಯಂತ್ರವನ್ನು ಅಲ್ಲೇ ಬಿಟ್ಟು, ಒಂದು ಮಳೆಗಾಲ ಪೂರ್ತಿ ಕಳೆಯಲು ಬಿಡಿ. ಮಟ್ಟ ಗರಿಷ್ಠ ಏರಿದಾಗ ಒಂದು ಸಲ, ಇಳಿಯಲು ಶುರುವಾದಾಗ ಇನ್ನೊಂದು ಸಲ ಎಲ್ಲ ಬಾವಿಗಳ ಸ್ಯಾಂಪಲ್ ತೆಗೆಯಿರಿ. ಎರಡೂ ಸರಿ ಬಂದರೆ ಮಂಡಳಿಗೆ ಮುಕ್ತಾಯದ ಪತ್ರ ಕೊಟ್ಟು, ಮೋರಿಗೋ ಯುಜಿಡಿಗೋ ಕೊಟ್ಟಿದ್ದ ಪೈಪನ್ನು ಕತ್ತರಿಸಿ ಸಿಮೆಂಟಿನಿಂದ ಮುಚ್ಚಿಸಿ.